ಹದಿನಾರರಲ್ಲೊಂದು ಪಾಲಿನ ನೆರಳು

ಕತ್ತಲು ಪೂರ್ತಿ ಕರಗಿಲ್ಲ, ಬೆಳಕು ಪೂರ್ತಿ ಇಳಿದಿಲ್ಲ. ನದಿಗೆ ಅಡ್ಡಲಾಗಿ ಮಲಗಿರುವ ಹಳೆಯ ಕಲ್ಲುಸೇತುವೆಯ ಈಚೆ ತುದಿಯಲ್ಲಿ ಒಂದು ಸಣ್ಣ ಕೋಣೆಯ ಬಾಗಿಲು ಕಿರುಗುಟ್ಟಿ ತೆರೆದುಕೊಳ್ಳುತ್ತದೆ. ಒಳಗೆ ಒಂದು ಮೇಜು, ಒಂದು ಕಂಪ್ಯೂಟರು, ಕೈ ಮುರಿದ ಒಂದು ಕುರ್ಚಿ. ಐವತ್ತರ ಗಡಿ ದಾಟಿದ ಹೆಂಗಸೊಬ್ಬರು ಕಿಟಕಿಯಾಚೆ ಕಬ್ಬಿಣದ ಕಂಬಕ್ಕೆ ಬಿಗಿದ ಕ್ಯಾಮೆರಾದ ಗಾಜನ್ನು ಮೆತ್ತನೆಯ ಬಟ್ಟೆಯಿಂದ ಒರೆಸುತ್ತಾರೆ. ಕೂಸಿನ ಮೂಗು ಒರೆಸುವಷ್ಟೇ ಜತನ. ಹಾಲಿನ ಕ್ಯಾನುಗಳನ್ನು ಸೈಕಲ್ಲಿಗೆ ತೂಗುಹಾಕಿಕೊಂಡು ಬಂದ ಮುದುಕರೊಬ್ಬರು ಕಾಲು ನೆಲಕ್ಕೂರಿ ನಿಲ್ಲುತ್ತಾರೆ.

"ಏನ್ ಮೇಡಂ, ಇವತ್ತೂ ಸೊನ್ನೇನಾ?"

"ಸೊನ್ನೆ ಬಂದ್ರೇನೇ ತಾತ, ನಿಮ್ಮ ಹಾಲು ಆಚೆ ದಡ ಸೇರೋದು. ಹೊರಡಿ, ಹೊರಡಿ. ನನ್ನ ಕ್ಯಾಮೆರಾಗೆ ಅಡ್ಡ ನಿಂತಿದೀರ."

ಇಲಾಖೆಯಲ್ಲಿ ಎಲ್ಲರೂ ಈಕೆಯನ್ನು ಕರೆಯುವುದು 'ಸೊನ್ನೆ ಮೇಡಂ' ಎಂದೇ. ಸೇತುವೆಯ ನಡುಗೋಪುರದ ಕಲ್ಲಿನಲ್ಲಿ ಮೇಲಿನಿಂದ ಕೆಳಕ್ಕೆ ಒಂದು ಬಿರುಕಿದೆ. ಅದು ಅಗಲವಾಗುತ್ತಿದೆಯೇ ಎಂದು ದಿನವೂ ನೋಡಿ ಮೇಲಧಿಕಾರಿಗಳಿಗೆ ತಿಳಿಸುವುದು ಇವರ ಕೆಲಸ. ತಿಳಿಸುವ ಸುದ್ದಿ ವರ್ಷಗಳಿಂದ ಒಂದೇ: ಬದಲಾವಣೆ, ಸೊನ್ನೆ. ಬದಲಾವಣೆ ಕಂಡ ದಿನ ಸೇತುವೆಯನ್ನು ಮುಚ್ಚಬೇಕಾಗುತ್ತದೆ. ಆದ್ದರಿಂದ ಈಕೆಯ ಪಾಲಿಗೆ ಸೊನ್ನೆಯೇ ನೆಮ್ಮದಿ.

ಸೊನ್ನೆಯನ್ನು ಹುಡುಕುವ ಬಗೆ ಹೀಗೆ. ನಸುಕಿನ ಅರ್ಧ ಗಂಟೆಯಲ್ಲಿ ಕ್ಯಾಮೆರಾ ಹದಿನಾರು ಚಿತ್ರಗಳನ್ನು ತೆಗೆಯುತ್ತದೆ. ಅಷ್ಟರಲ್ಲಿ ಎಷ್ಟೋ ಜನ ಗೋಪುರಕ್ಕೆ ಅಡ್ಡಲಾಗಿ ನಡೆದುಹೋಗುತ್ತಾರೆ. ಬಿರುಕನ್ನು ನೋಡಬೇಕಾದರೆ ಅವರನ್ನು ಅಲ್ಲಿಂದ ಸರಿಸಬೇಕು. ಈಕೆಯ ತಂತ್ರಾಂಶ ಹದಿನಾರು ಚಿತ್ರಗಳನ್ನೂ ಒಂದರ ಮೇಲೊಂದು ಕೂಡಿಸಿ ಹದಿನಾರರಿಂದ ಭಾಗಿಸುತ್ತದೆ. ಕದಲದ ಕಲ್ಲು ಇದ್ದ ಹಾಗೆಯೇ ಉಳಿಯುತ್ತದೆ. ನಡೆದುಹೋದ ಮನುಷ್ಯನಾದರೋ ಒಂದು ಚಿತ್ರದಲ್ಲಿ ಇದ್ದಲ್ಲಿ ಇನ್ನೊಂದರಲ್ಲಿ ಇರುವುದಿಲ್ಲ; ಹದಿನಾರರಲ್ಲೊಂದು ಪಾಲಾಗಿ ತೆಳುವಾಗಿ, ಕಣ್ಣಿಗೆ ಕಾಣದಂತೆ ಕರಗಿಹೋಗುತ್ತಾನೆ. ಬಳಿಕ ನಿನ್ನೆಯ ಚಿತ್ರದಿಂದ ಇಂದಿನದನ್ನು ಕಳೆಯುವುದು. ಎರಡೂ ಒಂದೇ ಆಗಿದ್ದರೆ ಪರದೆಯ ತುಂಬ ಕಪ್ಪು. ಬಿರುಕು ಕೂದಲೆಳೆಯಷ್ಟು ಬಾಯಿ ಬಿಟ್ಟಿದ್ದರೂ ಅಲ್ಲೊಂದು ಬೆಳ್ಳಿಗೆರೆ. ಈ ಕೂಡುವುದು, ಭಾಗಿಸುವುದು, ಕಳೆಯುವುದು, ಕೊನೆಗೆ ಜಾಗ ಉಳಿಸಲೆಂದು ಹದಿನಾರೂ ಮೂಲಚಿತ್ರಗಳನ್ನು ಅಳಿಸಿಹಾಕುವುದು, ಎಲ್ಲಕ್ಕೂ ಈಕೆ ಒಂದು ಮ್ಯಾಕ್ರೊ ಬರೆದಿಟ್ಟಿದ್ದಾರೆ. ಒಂದು ಗುಂಡಿ ಒತ್ತಿದರೆ ಸಾಕು, ಆಜ್ಞೆಗಳೆಲ್ಲ ತಾವಾಗಿ ಸಾಲುಹಿಡಿದು ನಡೆಯುತ್ತವೆ.

ಕಲಿತದ್ದು ಶಾಲೆಯಲ್ಲಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ಇದೇ ಸೇತುವೆಯ ದುರಸ್ತಿ ತಂಡದಲ್ಲಿ ಗಾರೆ ಕಲಸುತ್ತಿದ್ದರು. ಆಗ ಬಿರುಕಿಗೆ ಅಡ್ಡಲಾಗಿ ಗಾಜಿನ ಪಟ್ಟಿ ಅಂಟಿಸುವ ರೂಢಿ. ಕಲ್ಲು ಮಿಸುಕಿದರೆ ಗಾಜು ಒಡೆಯುತ್ತಿತ್ತು. ಹಗ್ಗಕ್ಕೆ ಜೋತುಬಿದ್ದು ಗಾಜು ಅಂಟಿಸುತ್ತಿದ್ದಾಗ ಒಮ್ಮೆ ಬಿದ್ದು ಸೊಂಟ ಮುರಿಯಿತು. ಕುಳಿತು ಮಾಡುವ ಕೆಲಸ ಕೊಡಬೇಕಾಗಿ ಬಂದಾಗ ಇಲಾಖೆ ಈ ಕೋಣೆಯನ್ನು ತೋರಿಸಿತು. ಹೊರಗಿನಿಂದ ಬಂದ ಇಂಜಿನಿಯರೊಬ್ಬಳು ಎರಡು ವಾರ ಪಕ್ಕದಲ್ಲಿ ಕೂತು ಕಲಿಸಿದಳು. ಮಿಕ್ಕದ್ದು ತಪ್ಪಿ, ತಿದ್ದಿ, ತಲೆ ಚಚ್ಚಿಕೊಂಡು ಒಲಿಸಿಕೊಂಡ ವಿದ್ಯೆ.

ಮನೆಯಲ್ಲಿ ಈ ವಿದ್ಯೆಯನ್ನು ಮೂದಲಿಸುತ್ತಿದ್ದವರು ಅತ್ತೆ. ಸೊಸೆ ಮನೆಗೆ ಬರುವುದೇ ತಡ, ಕೂತಲ್ಲಿಂದಲೇ ಕೇಳುತ್ತಿದ್ದರು: "ಏನೇ, ನಿನ್ನ ಮಿಷಿನ್ನು ಇವತ್ತೆಷ್ಟು ಜನಾನ ನುಂಗ್ತು?"

"ಒಂದಿನ ನಿಮ್ಮನ್ನೂ ನುಂಗುತ್ತೆ ಅತ್ತೆ, ನೋಡ್ತಿರಿ."

"ನುಂಗ್ಲಿ ಬಿಡೇ. ನಿನ್ನ ಸಾರು ಉಣ್ಣೋದಾದ್ರೂ ತಪ್ಪುತ್ತೆ."

ಕಡೆಕಡೆಗೆ ಅತ್ತೆಗೆ ಮರೆವು ಹತ್ತಿತು. ಮಗನನ್ನು ತನ್ನ ಅಣ್ಣನೆಂದುಕೊಳ್ಳುವರು. ಕನ್ನಡಿಯೊಳಗಿನ ಮುದುಕಿಯನ್ನು, "ಬನ್ನಿ, ಒಳಗೆ ಕೂತ್ಕೊಳ್ಳಿ" ಎಂದು ಉಪಚರಿಸುವರು. ಸಂಜೆಯಾದರೆ ಬಿಳಿ ಶಾಲು ಹೊದ್ದು, "ತವರಿಗೆ ಹೋಗ್ತೀನಿ, ಕಾಯ್ತಿರ್ತಾರೆ" ಎಂದು ಹೊರಟುನಿಲ್ಲುವರು. ಅದಕ್ಕೇ ಮುಂಬಾಗಿಲಿಗೆ ಎತ್ತರದಲ್ಲೊಂದು ಅಗುಳಿ ಹಾಕಿಸಿದ್ದರು.

ಹೋದ ವರ್ಷ ಒಂದು ದಿನ ನಸುಕಿಗೆ ಮುಂಚೆ ಗಂಡ ಬೇಕರಿಯ ರಾತ್ರಿಪಾಳಿ ಮುಗಿಸಿ ಬಂದವರು ಅಗುಳಿ ಹಾಕುವುದನ್ನು ಮರೆತು ಮಲಗಿಬಿಟ್ಟರು. ಎದ್ದಾಗ ಬಾಗಿಲು ಹಾರುಹೊಡೆದಿತ್ತು. ಅತ್ತೆಯ ಹಾಸಿಗೆ ತಣ್ಣಗಾಗಿತ್ತು. ಅವರ ಕಪ್ಪು ಸ್ವೆಟರು, ಮೇಲೆ ಹೊದೆಯುವ ಬಿಳಿ ಶಾಲು ಎರಡೂ ಇರಲಿಲ್ಲ.

ಮನೆಯಿಂದ ಬರುವ ದಾರಿ ಸೇತುವೆಯ ಬಳಿ ಎರಡಾಗುತ್ತದೆ. ಒಂದು ಸೇತುವೆಯ ಮೇಲೆ ಹೋಗುತ್ತದೆ, ಇನ್ನೊಂದು ಮೆಟ್ಟಿಲಿಳಿದು ನೀರಿಗೆ ಹೋಗುತ್ತದೆ. ಅತ್ತೆ ಯಾವ ದಾರಿ ಹಿಡಿದರು ಎಂಬುದೊಂದೇ ಪ್ರಶ್ನೆ. ಅವರು ಹೊರಟ ಹೊತ್ತಿನಲ್ಲಿ ಸೊಸೆ ಈ ಕೋಣೆಯಲ್ಲೇ ಇದ್ದರು, ಕಿಟಕಿಗೆ ಬೆನ್ನು ಹಾಕಿ. ಸುದ್ದಿ ತಿಳಿಯುವಷ್ಟರಲ್ಲಿ ಗುಂಡಿ ಒತ್ತಿದ್ದೂ ಆಗಿತ್ತು, ಮೂಲಚಿತ್ರಗಳು ಅಳಿದದ್ದೂ ಆಗಿತ್ತು. ಉಳಿದದ್ದು ಕೂಡಿಸಿ ಭಾಗಿಸಿದ ಒಂದೇ ಒಂದು ಚಿತ್ರ. ಅದರಲ್ಲಿ ನರಪಿಳ್ಳೆಯೂ ಇಲ್ಲ.

ಆದರೂ ಈಕೆ ಬಲ್ಲರು: ಕಾಣದಿದ್ದರೇನು, ಹದಿನಾರರಲ್ಲೊಂದು ಪಾಲು ಅಲ್ಲಿ ಇದ್ದೇ ಇರಬೇಕು. ಹಿಂದಿನ ದಿನದ ಚಿತ್ರದಿಂದ ಆ ದಿನದ್ದನ್ನು ಕಳೆದರು. ಉಳಿದ ಚೂರುಪಾರನ್ನು ಹದಿನಾರರಿಂದ ಗುಣಿಸಿದರು. ಕಪ್ಪು ಪರದೆಯ ಮೇಲೆ ಮಬ್ಬುಮಬ್ಬಾಗಿ ಜನ ಮೂಡಿದರು. ಹಾಲಿನ ತಾತ, ಅವರ ಸೈಕಲ್ಲು, ಕಪ್ಪು ಕೋಟಿನವನೊಬ್ಬ, ಚೀಲ ಹೊತ್ತ ಹೆಂಗಸೊಬ್ಬಳು. ಅತ್ತೆ ಮಾತ್ರ ಇರಲಿಲ್ಲ.

"ಇಲ್ಲ ರೀ, ಸೇತುವೆ ಮೇಲೆ ಬಂದಿಲ್ಲ ಅಂತ ನಾನೇ ಬಾಯಾರೆ ಹೇಳ್ದೆ," ಎನ್ನುತ್ತಾರೆ ಮೇಜಿನ ಅಂಚನ್ನು ಸವರುತ್ತ. "ಹಾಗಂದ್ರೆ ಏನರ್ಥ? ಮೆಟ್ಟಿಲಿಳಿದ್ರು ಅಂತ ತಾನೇ? ನಮ್ಮನೆಯವ್ರು ಅಗುಳಿ, ಅಗುಳಿ ಅಂತ ಹಣೆ ಹಣೆ ಚಚ್ಕೊಂಡ್ರು."

ನೀರಿನಲ್ಲಿ ಹುಡುಕಿದರು. ಸಿಗಲಿಲ್ಲ. ಹೊಳೆ ಕೊಂಡೊಯ್ದಿದೆ ಎಂದು ಊರೇ ಹೇಳಿತು. ಗಂಡ ಅತ್ತರು, ಊಟ ಬಿಟ್ಟರು, ಮತ್ತೆ ಉಂಡರು, ಬೇಕರಿಗೆ ಮರಳಿದರು. ಮನೆ ಮೆಲ್ಲಗೆ ತನ್ನ ದುಃಖಕ್ಕೆ ಒಗ್ಗಿಕೊಂಡಿತು.

ಎರಡು ತಿಂಗಳು ಕಳೆದಿರಬೇಕು. ಅತ್ತೆಯ ಇನ್ನೊಂದು ಬಿಳಿ ಶಾಲನ್ನು ಒಗೆದು ಹಿತ್ತಿಲ ಹಗ್ಗದ ಮೇಲೆ ಹರವಿದ್ದರು. ಹಿಂದೆ ಒಲೆಯ ಹೊಗೆ ಹಿಡಿದ ಕಪ್ಪು ಗೋಡೆ. ಆ ಕಪ್ಪಿನ ಮುಂದೆ ಶಾಲು ಬೆಳ್ಳಗೆ ಎದ್ದು ಕಂಡದ್ದೇ ತಡ, ಕೈಲಿದ್ದ ಬಕೆಟ್ಟು ಜಾರಿತು.

ಬಿರುಕು ಕಪ್ಪು. ಕಲ್ಲಿಗಿಂತ ಕಪ್ಪಾದದ್ದನ್ನು ಹಿಡಿಯಲೆಂದೇ ನಿನ್ನೆಯದರಿಂದ ಇಂದಿನದನ್ನು ಕಳೆಯುವುದು. ಕಂಪ್ಯೂಟರಿಗೆ ಬಣ್ಣವೂ ಒಂದು ಸಂಖ್ಯೆ: ಕಪ್ಪು ಎಂದರೆ ಸೊನ್ನೆ, ಬೆಳ್ಳಗಾದಷ್ಟೂ ಸಂಖ್ಯೆ ದೊಡ್ಡದು. ನೂರರಲ್ಲಿ ಎಂಬತ್ತು ಕಳೆದರೆ ಇಪ್ಪತ್ತು ಉಳಿಯುತ್ತದೆ, ಕಾಣುತ್ತದೆ. ಎಂಬತ್ತರಲ್ಲಿ ನೂರನ್ನು ಕಳೆಯಹೊರಟರೆ? ಈ ಲೆಕ್ಕದಲ್ಲಿ ಸೊನ್ನೆಗಿಂತ ಕೆಳಗೆ ಜಾಗವಿಲ್ಲ. ತಂತ್ರಾಂಶ ಸೊನ್ನೆ ಎಂದು ಬರೆದು ಕೈತೊಳೆದುಕೊಳ್ಳುತ್ತದೆ. ಕಪ್ಪು ಕೋಟಿನವನು ಕಂಡದ್ದು, ಬಿಳಿ ಶಾಲಿನವರು ಕಾಣದೆ ಹೋದದ್ದು ಅದರಿಂದಲೇ. ವರ್ಷಗಟ್ಟಲೆ ಒಂದೇ ದಿಕ್ಕಿಗೆ ಕಳೆದು ಕಳೆದು ಕೈ ಆ ದಿಕ್ಕಿಗೇ ಪಳಗಿಬಿಟ್ಟಿತ್ತು.

ಸೊಂಟದ ನೋವನ್ನೂ ಮರೆತು ಕೋಣೆಗೆ ಓಡಿದರು. ಎರಡು ಚಿತ್ರಗಳನ್ನು ತಿರುವುಮುರುವು ಮಾಡಿ ಕಳೆದರು, ಗುಣಿಸಿದರು. ಕಾಲುದಾರಿಯ ಮೇಲೆ ಮೂರು ಬಿಳಿ ನೆರಳು: ಹತ್ತಿರದಲ್ಲೊಂದು, ಗೋಪುರದ ಬಳಿ ಇನ್ನೊಂದು, ದೂರದಲ್ಲಿ ಉಗುರಿನಷ್ಟು ಮತ್ತೊಂದು. ಎದುರಿನಿಂದ ಬರುವವರಾಗಿದ್ದರೆ ಶಾಲಿನ ನಡುವೆ ಕಪ್ಪು ಸ್ವೆಟರಿನ ಪಟ್ಟಿ ಕಾಣಬೇಕಿತ್ತು. ಮೂರರಲ್ಲೂ ಇದ್ದದ್ದು ಬರೀ ಬಿಳಿ. ಮೂರೂ ಬೆನ್ನು. ಅತ್ತೆ ನೀರಿಗೆ ಇಳಿದಿರಲಿಲ್ಲ. ಸೊಸೆಯ ಕಿಟಕಿಯ ಮುಂದೆಯೇ ಹಾದು ಆಚೆ ದಡಕ್ಕೆ ನಡೆದುಹೋಗಿದ್ದರು.

ಆಚೆ ದಡದಲ್ಲಿ ಬಸ್ ನಿಲ್ದಾಣ. ಟಿಕೆಟು ಕೊಡುವವನಿಗೆ ಅರೆಬರೆ ನೆನಪಿತ್ತು: "ಹೌದಮ್ಮ, ಒಬ್ರು ಅಜ್ಜಿ, ತವರಿಗೆ ಹೋಗೋ ಬಸ್ಸು ಯಾವ್ದಪ್ಪ ಅಂದ್ರು. ಯಾವೂರು ಅಜ್ಜಿ ಅಂದ್ರೆ, 'ನಮ್ಮಪ್ಪನ ಮನೆ' ಅಂತಾರೆ. ನಗು ಬಂತು. ಆಮೇಲೆ ಯಾವ್ದೋ ಬಸ್ ಹತ್ತಿದ್ರು." ಯಾವುದೆಂದು ನೋಡಿದವರಿಲ್ಲ. ಎರಡು ತಿಂಗಳ ಹಿಂದೆಯೇ ಕೇಳಿದ್ದರೆ ಯಾರಿಗಾದರೂ ನೆನಪಿರುತ್ತಿತ್ತೋ ಏನೋ.

ಠಾಣೆಯಲ್ಲಿ ನೆರಳಿನ ಚಿತ್ರ ಕೊಟ್ಟಾಗ ಅಲ್ಲಿನ ಪೇದೆ ಹಗುರಾಗಿಯೇ ಹೇಳಿದ, "ತಾಯಿ, ಇದನ್ನ ನೋಡಿ ಯಾರನ್ನ ಗುರುತು ಹಿಡಿಯೋದು? ಹೊಗೆ ಇದ್ದಂಗಿದೆ." ಮನೆಯಲ್ಲಿ ಗಂಡ ಆ ಚಿತ್ರವನ್ನು ಬಹಳ ಹೊತ್ತು ನೋಡಿದರು. ಕೊನೆಗೆ ಹೇಳಿದ್ದಿಷ್ಟು: "ಅತ್ತು ಮುಗಿಸಿದ್ದೆ ಕಣೇ. ಈಗ ಮತ್ತೆ ಮೊದಲಿಂದ ಶುರು ಮಾಡ್ಬೇಕಲ್ಲೇ." ಈಗ ಅವರಿಗೆ ವಾರದ ರಜೆ ಎಂದರೆ ಒಂದೊಂದು ಬಸ್ಸಿನ ಕೊನೆಯ ನಿಲ್ದಾಣ, ಅಲ್ಲಿಯ ಅನಾಥಾಲಯ, ಆಸ್ಪತ್ರೆ. ಪ್ರತಿಸಲವೂ ಬರಿಗೈಲಿ ಮರಳುತ್ತಾರೆ.

ನೀರುಪಾಲಾದರೆಂದು ನಂಬಿ ಹೇಗೋ ಸುಧಾರಿಸಿಕೊಂಡಿದ್ದ ಮನುಷ್ಯನಿಗೆ ಅದನ್ನು ತೋರಿಸಲೇಬೇಕಿತ್ತೇ ಎಂದು ನಾದಿನಿ ಮುಖಕ್ಕೆ ಹೊಡೆದ ಹಾಗೆ ಕೇಳಿದ್ದುಂಟು. ಈಕೆ ಅದಕ್ಕೆ ಸಿಟ್ಟಾಗುವುದಿಲ್ಲ.

"ನಾನೂ ಎಷ್ಟೋ ಸಲ ಹಾಗೇ ಅಂದ್ಕೊಂಡಿದೀನಿ. ಆದ್ರೆ ಅತ್ತೆ ನೀರಿನ ಕಡೆ ತಿರುಗಿರ್ಲಿಲ್ಲ. ತವರು ಅಂತ ಹೊರಟಿದ್ರು, ನೆಟ್ಟಗೆ ನಡೀತಿದ್ರು. ಹೊಳೆಗೆ ಬಿದ್ರು ಅಂತ ಊರವ್ರು ಹೇಳೋವಾಗ ಬಾಯಿ ಮುಚ್ಕೊಂಡಿರೋದು ನನ್ನ ಕೈಲಾಗಲ್ಲ. ಬೇರೆ ಏನೂ ಗೊತ್ತಿಲ್ಲ ನಂಗೆ. ಇದೊಂದು ಗೊತ್ತು."

ಮ್ಯಾಕ್ರೊದಲ್ಲಿ ಮೂಲಚಿತ್ರ ಅಳಿಸುವ ಸಾಲನ್ನು ತೆಗೆಯಲು ಅನುಮತಿ ಕೇಳಿದ್ದರು. ಅಷ್ಟನ್ನೆಲ್ಲ ಇಡಲು ಜಾಗವಿಲ್ಲ ಎಂದು ಉತ್ತರ ಬಂತು. ಹೀಗಾಗಿ ಇಂದಿಗೂ ದಿನವೂ ಅಳಿಸಲೇಬೇಕು. ಆದರೆ ಗುಂಡಿ ಒತ್ತುವ ಮೊದಲು ಹದಿನಾರನ್ನೂ ಒಂದೊಂದಾಗಿ ತೆರೆದು ನೋಡುತ್ತಾರೆ. ಈ ಮುಂಜಾನೆಯೂ ನೋಡಿದ್ದಾಯಿತು. ಹಾಲಿನ ತಾತ, ಪೇಪರಿನವನು, ಕೈಕೈ ಹಿಡಿದ ಇಬ್ಬರು. ಗುಂಡಿ ಒತ್ತಿದರು. ಪರದೆ ಕಪ್ಪಾಯಿತು. ಬದಲಾವಣೆ, ಸೊನ್ನೆ.

ಅತ್ತೆ ಸಿಕ್ಕರೆ ಏನು ಮಾಡುವಿರಿ ಎಂದರೆ ಮೊದಲು ನಗುತ್ತಾರೆ, ಆಮೇಲೆ ಸೆರಗಿನಿಂದ ಕಣ್ಣೊತ್ತಿಕೊಳ್ಳುತ್ತಾರೆ.

"ನಾನೇನು ಮಾಡೋದು? ಮಾಡೋದೆಲ್ಲ ಅವರೇ. 'ಎಲ್ಲಿ ಹಾಳಾಗ್ಹೋಗಿದ್ಯೇ ಇಷ್ಟು ಹೊತ್ತು, ನಾನಿಲ್ಲಿ ಒಬ್ಳೇ ಕೂತಿದೀನಿ' ಅಂತ ಶುರು ಮಾಡ್ತಾರೆ. ನಾನು ಯಾರು ಅಂತ ಗೊತ್ತಾಗ್ದಿದ್ರೂ ಬೈಯೋದಂತೂ ಬಿಡಲ್ಲ. ಒಂದ್ಸಲ ಬೈಸ್ಕೋಬೇಕು. ಹೊಟ್ಟೆ ತುಂಬ ಬೈಸ್ಕೋಬೇಕು. ಅಷ್ಟೇ ನಂಗೆ."