ಮರಿಯ ಪೊರೆ, ಬೀಗಿತ್ತಿಯ ಹಾಲು

೨೦೦೫ನೆಯ ಇಸವಿ, ಆಗಸ್ಟ್ ೭, ಭಾನುವಾರ. ಆಧಾರ: ಸಾಕುಪ್ರಾಣಿಗಳ ಅಂಗಡಿಯೊಂದರ ರಸೀದಿ. ಆ ಬೆಳಿಗ್ಗೆ ನಾನು ಒಂದು ತೇವಮಾಪಕವನ್ನೂ ಒಂದು ಚೀಲ ಒಣ ಪಾಚಿಯನ್ನೂ ಕೊಂಡದ್ದು ಅದರಲ್ಲಿ ಮುದ್ರಿತವಾಗಿದೆ. ಶಾಯಿ ಮಾಸಿದ್ದರೂ ತಾರೀಕನ್ನು ಓದಲು ತೊಂದರೆಯಿಲ್ಲ. ವಾರವನ್ನು ಬೇರೆಯಾಗಿ ಹಳೆಯ ಕ್ಯಾಲೆಂಡರಿನಲ್ಲಿ ನೋಡಿ ದೃಢಪಡಿಸಿಕೊಂಡಿದ್ದೇನೆ. ಶಾಸನಗಳ ಕಾಲನಿರ್ಣಯದಲ್ಲಿ ವೃತ್ತಿಜೀವನವನ್ನೆಲ್ಲ ಕಳೆದವನಿಗೆ, ತಿಥಿಯೂ ವಾರವೂ ಒಂದಕ್ಕೊಂದು ಹೊಂದುವ ತನಕ ಯಾವ ಘಟನೆಯೂ ನಿಜವಾಗಿ ನಡೆದಂತೆ ಅನ್ನಿಸುವುದಿಲ್ಲ.

ಆ ವರ್ಷ ನಾನು ಸ್ಯಾನ್ ಡಿಯಾಗೋದ ಫೋರ್ ಎಸ್ ರ್ಯಾಂಚ್ ಎಂಬ ಬಡಾವಣೆಯಲ್ಲಿ ಮಗಳ ಮನೆಯಲ್ಲಿದ್ದೆ. ಮಗಳೂ ಅಳಿಯನೂ ಬೆಳಿಗ್ಗೆ ಒಂದೇ ಕಾರಿನಲ್ಲಿ ಕಾರ್ಲ್ಸ್‌ಬಾಡಿನ ಕೆಲಸಕ್ಕೆ ಹೊರಟುಬಿಟ್ಟರೆ ಸಂಜೆಯವರೆಗೆ ಮನೆಯಲ್ಲಿ ಉಳಿಯುತ್ತಿದ್ದವರು ಮೂವರು: ಎಂಟು ವರ್ಷದ ಮೊಮ್ಮಗಳು, ನಾನು, ಮತ್ತು ಅವಳ ಹಾವಿನ ಮರಿ. ಅವಳು ಕೇಳಿದ್ದು ನಾಯಿಯನ್ನು. ನಾಯಿಯ ಕೂದಲು ಅವಳ ತಂದೆಗೆ ಆಗದು ಎಂಬ ಕಾರಣಕ್ಕೆ, ಕೂದಲೇ ಇಲ್ಲದ ಈ ಪ್ರಾಣಿ ಮನೆಗೆ ಬಂದಿತ್ತು. ವಿಷವಿಲ್ಲದ, ಕಿತ್ತಳೆ ಬಣ್ಣದ, ಪೆನ್ಸಿಲಿಗಿಂತ ಸ್ವಲ್ಪವೇ ದಪ್ಪವಾದ ಕಾರ್ನ್ ಸ್ನೇಕ್ ಜಾತಿಯ ಮರಿ. ಮಹಡಿಯ ಕೋಣೆಯಲ್ಲಿ ಒಂದು ಗಾಜಿನ ತೊಟ್ಟಿ, ಮೇಲೊಂದು ಬಿಸಿ ದೀಪ, ಒಳಗೊಂದು ನೀರಿನ ಬಟ್ಟಲು.

ನಾನು ಆ ಮರಿಯನ್ನು ಒಂದು ವಿಷಯವೆಂಬಂತೆ ಅಭ್ಯಾಸ ಮಾಡಿದೆ. ಲೈಬ್ರರಿಯಿಂದ ಪುಸ್ತಕ ತಂದೆ, ಅಂಗಡಿಯವರನ್ನು ಕೇಳಿದೆ. ಮನೆಗೆ ಬಂದ ಮೇಲೆ ಅದು ಬಿಟ್ಟ ಮೊದಲ ಪೊರೆ ತಲೆಯಿಂದ ಬಾಲದವರೆಗೆ ಒಂದೇ ತುಂಡಾಗಿ, ಕಾಲುಚೀಲವನ್ನು ಒಳಮೈ ಹೊರಗಾಗಿ ಕಳಚಿದಂತೆ ಬಂತು. ಅದನ್ನು ಅಂಗೈ ಮೇಲಿಟ್ಟುಕೊಂಡು ಮೊಮ್ಮಗಳು ನೇರವಾಗಿ ನನ್ನ ಕೋಣೆಗೆ ಓಡಿ ಬಂದಳು. ಕನ್ನಡ ಅವಳಿಗೆ ಅರ್ಥವಾಗುತ್ತಿತ್ತು. ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅದಕ್ಕಾಗಿ ನಾನು ಪೀಡಿಸಲಿಲ್ಲ. ಮಗುವಿಗೆ ಭಯವಾದಾಗ, ಆಶ್ಚರ್ಯವಾದಾಗ, ಮೊದಲು ಕರೆಯುವುದು ನನ್ನನ್ನು. ಪರದೇಶದಲ್ಲಿ ಕುಳಿತ ಮುದುಕನಿಗೆ ಅಷ್ಟು ಸಾಕಾಗಿತ್ತು. ಅಷ್ಟನ್ನು ಬಿಟ್ಟುಕೊಡುವುದು ಮಾತ್ರ ನನ್ನಿಂದ ಆಗುತ್ತಿರಲಿಲ್ಲ.

ಆಗಸ್ಟ್ ಮೊದಲ ವಾರದಲ್ಲಿ ಮರಿಯ ಕಣ್ಣುಗಳು ಮಬ್ಬಾಗಿ, ನೀಲಿಗೆ ತಿರುಗಿದವು. ಎರಡನೆಯ ಪೊರೆಯ ಸೂಚನೆ ಅದು. ಅದೇ ಹೊತ್ತಿಗೆ ಲಾಸ್ ಏಂಜಲೀಸಿನ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕೆಲವು ಶಾಸನ ಸಂಪುಟಗಳನ್ನು ನೋಡಲು ನನಗೆ ಅನುಮತಿ ಸಿಕ್ಕಿತ್ತು. ಮೊಮ್ಮಗಳಿಗೆ ಹೇಳಿದೆ: ಮುಟ್ಟಬೇಡ, ಊಟ ಹಾಕಬೇಡ, ಬಟ್ಟಲಿನಲ್ಲಿ ನೀರು ತುಂಬಿರಲಿ, ಆಗಾಗ ಒಳಗೆ ನೀರು ಚಿಮುಕಿಸು. ಅವಳು "ಓಕೆ, ತಾತ" ಅಂದಳು. ನಾನು ರೈಲು ಹತ್ತಿದೆ.

ಶನಿವಾರ ಸಂಜೆ ಹಿಂತಿರುಗಿದಾಗ ಬಾಗಿಲು ತೆಗೆದವರು ಬೀಗಿತ್ತಿ, ಅಂದರೆ ಅಳಿಯನ ತಾಯಿ. ಧಾರವಾಡದ ಕಡೆಯವರು, ಸ್ಯಾಂಟಾ ಕ್ಲಾರಿಟಾದಲ್ಲಿ ಹಿರಿಯ ಮಗನ ಮನೆಯಲ್ಲಿದ್ದವರು ನಾಗರ ಪಂಚಮಿಗೆಂದು, ನಾನಿಲ್ಲದಾಗ ಮಗುವಿಗೆ ಜೊತೆಯೂ ಆದೀತೆಂದು, ನಾನು ಹೊರಟ ದಿನವೇ ಬಂದಿಳಿದಿದ್ದರು.

"ಬರ್ರಿ ಬೀಗರ. ಕಲ್ಲು ಓದೂದು ಮುಗೀತೇನು?" ಎಂದರು. "ಕೈ ತೊಳಕೊಂಡು ಉಂಡಿ ತಿನ್ರಿ. ಅದನ್ನ ಮಾಡೂದು ಯಾ ಶಾಸನದಾಗೂ ಬರದಿರೂದಿಲ್ಲ."

ಬೀಗರನ್ನು ಛೇಡಿಸುವುದು ಅವರ ಕಡೆಯ ಹಕ್ಕು, ನಾನು ನಕ್ಕೆ. ಆಗ ಅಡುಗೆಮನೆಯಿಂದ ಮೊಮ್ಮಗಳ ದನಿ ಬಂತು: "ಆಯಿ, ಇನ್ನೊಂದ್ ಉಂಡಿ ಕೊಡ."

ಕನ್ನಡದಲ್ಲಿ, ಅದೂ ಅಜ್ಜಿಯನ್ನು ಆಯಿ ಎನ್ನುವ ಧಾರವಾಡದ ಕನ್ನಡದಲ್ಲಿ. ತಿಂಗಳುಗಟ್ಟಲೆ ಅವಳ ಜೊತೆಗಿದ್ದರೂ ನನಗೆ ಒಂದು ಇಡೀ ವಾಕ್ಯ ದಕ್ಕಿರಲಿಲ್ಲ. ಬೀಗಿತ್ತಿ ಕೆಲವೇ ದಿನಗಳಲ್ಲಿ ಶೇಂಗಾ ಉಂಡಿಯಿಂದ ಅದನ್ನು ಗಿಟ್ಟಿಸಿದ್ದರು. ಅವಳ ತಲೆಗೆ ಎಣ್ಣೆ ಹಚ್ಚಿ ಎರಡು ಜಡೆ ಹೆಣೆದಿದ್ದರು. ನಾನು ಬಾಚಲು ಹೋದರೆ ತಲೆ ಕೊಡವಿ ಓಡುವ ಹುಡುಗಿ, ಆ ಜಡೆಗಳನ್ನು ಹೆಗಲ ಮುಂದೆ ತಂದು ತೋರಿಸಿದಳು. ಚೆನ್ನಾಗಿದೆ ಎಂದೆ. ಚೆನ್ನಾಗಿಯೇ ಇತ್ತು, ಅದೇ ನನಗೆ ಸಹಿಸದಾಯಿತು.

ಮಹಡಿಗೆ ಹೋಗಿ ತೊಟ್ಟಿಯನ್ನು ನೋಡಿದೆ. ಗಾಜಿಗೆ ಅರಿಶಿನ ಕುಂಕುಮ ಹಚ್ಚಿತ್ತು. ನೀರಿನ ಬಟ್ಟಲಿನಲ್ಲಿ ಹಾಲು, ಅದರ ಮೇಲೆ ಕೆನೆ. ಏಸಿಯ ಒಣಗಾಳಿ, ದೀಪದ ಬಿಸಿ, ಕುಡಿಯಲು ಮೈನೆನೆಸಲು ನೀರಿಲ್ಲ. ಪೊರೆ ಬಿಡುವ ಕಾಲ ಬಂದಾಗ ಮರಿಯ ಮೈ ಒಣಗಿಹೋಗಿತ್ತು. ಚರ್ಮ ಹರಿದ ಕಾಗದದಂತೆ ತುಂಡುತುಂಡಾಗಿ ಅಲ್ಲಲ್ಲಿ ಅಂಟಿಕೊಂಡಿತ್ತು. ಒಂದು ಕಣ್ಣಿನ ಮೇಲೆ ಹಳೆಯ ಪೊರೆ ಹಾಗೆಯೇ ಇತ್ತು. ಬಾಲದ ತುದಿಯಲ್ಲಿ ಅದು ಉಂಗುರದಂತೆ ಬಿಗಿದಿತ್ತು. ಹಾಗೇ ಬಿಟ್ಟರೆ ರಕ್ತ ಹರಿಯುವುದು ನಿಂತು ತುದಿ ಸತ್ತುಹೋಗುತ್ತದೆ ಎಂದು ಓದಿದ್ದೆ.

"ಹಾಲು ಇಟ್ಟವರು ಯಾರು?" ಎಂದು ಕೇಳಿದೆ.

"ನಾನ ಇಟ್ಟೇನಿ," ಎಂದರು ಬೀಗಿತ್ತಿ, ಹೊಸ್ತಿಲಿನಾಚೆಯಿಂದಲೇ. ಹಾವೆಂದರೆ ಅವರಿಗೆ ಭಯ. ಆ ಕೋಣೆಯೊಳಗೆ ಕಾಲಿಡುತ್ತಿರಲಿಲ್ಲ, ಬಟ್ಟಲನ್ನು ಮಗುವಿನ ಕೈಯಿಂದ ಇಡಿಸಿದ್ದರು. "ಮನ್ಯಾಗ ಖರೇ ಹಾವು ಇಟಗೊಂಡು, ಪಂಚಮಿ ವಾರದಾಗ ಬರೇ ನೀರು ಕುಡಸ್ತಾರೇನು ಯಾರರ?"

"ಹಾವು ಹಾಲು ಕುಡಿಯುವುದಿಲ್ಲ. ಪಂಚಮಿಯೂ ಇನ್ನೂ ಬಂದಿಲ್ಲ. ಇಲ್ಲಿನ ದೇವಸ್ಥಾನದ ಕ್ಯಾಲೆಂಡರಿಗೂ ಊರಿನ ಪಂಚಾಂಗಕ್ಕೂ ಈ ಸಲ—"

"ಬರ್ಲಿಕ್ಕಂದ್ರ ಬರತದ ಬಿಡ್ರಿ. ಅಲ್ಲೀತನಕ ಪಾಪ ಅದು ಉಪಾಸ ಇರಬೇಕೇನು?"

ನನಗೆ ಒಳಗೊಳಗೆ ಒಂದು ಬಗೆಯ ನೆಮ್ಮದಿಯಾಯಿತು. ಈಗ ಮಗುವಿಗೆ ತಿಳಿಯುತ್ತದೆ, ಯಾರ ಮಾತು ಕೇಳಬೇಕಿತ್ತು ಎಂದು. ಹಾಲಿನಿಂದ ಏನಾಯಿತೆಂಬುದನ್ನು ಅವಳಿಗೆ ಬಿಡಿಸಿ, ಬೀಗಿತ್ತಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ. ಅವಳ ಕಣ್ಣು ತುಂಬಿತು. ತೊಟ್ಟಿಯನ್ನು ನೋಡಿದಳು, ಹೊಸ್ತಿಲಿನಾಚೆ ಮುಖ ಸಣ್ಣಗೆ ಮಾಡಿಕೊಂಡು ನಿಂತ ಅಜ್ಜಿಯನ್ನು ನೋಡಿದಳು. ಹೋಗಿ ಅವರ ಸೆರಗು ಹಿಡಿದುಕೊಂಡು, "ಇರಲಿ ಬಿಡ, ಆಯಿ," ಎಂದಳು. ಇನ್ನೊಂದು ಕನ್ನಡ ವಾಕ್ಯ. ಅದೂ ಅವರ ಪಾಲಿಗೇ.

ಮರುದಿನ ಬೆಳಿಗ್ಗೆ ಅಂಗಡಿಗೆ ಹೋಗಿ ಬಂದೆ. ಮಧ್ಯಾಹ್ನ ಊಟದ ನಂತರ ಅಡುಗೆಮನೆಯ ಮೇಜಿನ ಮೇಲೆ ಅಗಲವಾದ ಪ್ಲಾಸ್ಟಿಕ್ ಡಬ್ಬಿ ಇಟ್ಟು, ಮರಿಯ ಹೊಟ್ಟೆ ಮುಳುಗುವಷ್ಟು ಮಾತ್ರ ಉಗುರುಬೆಚ್ಚಗಿನ ನೀರು ಹಾಕಿದೆವು. ಮಗಳು ಟವೆಲುಗಳನ್ನು ತಂದಳು. ಅಳಿಯ ಕ್ಯಾಮೆರಾ ಹಿಡಿದು ನಿಂತ. ಬೀಗಿತ್ತಿ ಸಾಕಷ್ಟು ದೂರದಲ್ಲಿ ಕುರ್ಚಿ ಹಾಕಿಕೊಂಡು, ಕಾಲುಗಳನ್ನು ಮೇಲೆತ್ತಿಕೊಂಡು ಕುಳಿತರು.

"ಅವ್ವಾ, ಅದು ಡಬ್ಬಿಯೊಳಗ ಅದ," ಎಂದ ಅಳಿಯ.

"ಡಬ್ಬಿಯೊಳಗ ಇದ್ದದ್ದು ಹೊರಗ ಬರೂದಿಲ್ಲಂತ ನಿನಗ ಬರಕೊಟ್ಟದೇನು?"

ಮೊಮ್ಮಗಳು ಚಮಚದಿಂದ ಮರಿಯ ಬೆನ್ನಿನ ಮೇಲೆ ನೀರು ಬಿಡುತ್ತಿದ್ದಳು. ಪಂಚಮಿಯಲ್ಲಿ ಹಾಲೆರೆಯುವಾಗ ಮನೆಯವರ ಹೆಸರಿಗೆ ಒಂದೊಂದು ಪಾಲು ಎರೆಯುವ ಪದ್ಧತಿ ಅವರ ಕಡೆ ಉಂಟು. ಅಜ್ಜಿ ಅದನ್ನು ಕಲಿಸಿದ್ದರು. "ಅಪ್ಪನ ಪಾಲು," ಒಂದು ಚಮಚ. "ಅಮ್ಮನ ಪಾಲು." "ಆಯಿ ಪಾಲು." ನಾನು ನೀರಿನ ಬಿಸಿ ನೋಡುವ ನೆವದಲ್ಲಿ ಬೆರಳದ್ದಿಕೊಂಡು ಕಾದೆ. ಶಾಲೆಯ ಟೀಚರಿನ ಪಾಲಾಯಿತು. ಪಕ್ಕದ ಮನೆಯ ನಾಯಿಯ ಪಾಲಾಯಿತು. ಆಮೇಲೆ ನನ್ನದು ಬಂತು. ಬೀಗಿತ್ತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. "ಸಿಟ್ಟಾಗಬ್ಯಾಡ್ರಿ ಬೀಗರ, ನಾಯಿ ನಿಮಗಿಂತ ಮೊದಲಿನಿಂದ ಈ ಓಣ್ಯಾಗ ಅದ."

ಚರ್ಮ ನೆನೆದ ಮೇಲೆ ಒದ್ದೆ ಟವೆಲನ್ನು ಸಡಿಲವಾಗಿ ಮುಷ್ಟಿಯಲ್ಲಿ ಹಿಡಿದು, ಮರಿ ತಾನಾಗಿ ಅದರ ನಡುವೆ ತೂರಿ ಹೋಗಲು ಬಿಟ್ಟೆ. ಎಳೆಯಬಾರದು, ಎಳೆದರೆ ಕೆಳಗಿನ ಹೊಸ ಚರ್ಮವೂ ಕೀಳುತ್ತದೆ. ಬಟ್ಟೆಯ ಒರಟಿಗೆ ತುಣುಕುಗಳು ಬಿಡುತ್ತ ಹೋದವು. ಕೆಳಗೆ ಬಣ್ಣ ಬೆಳಗಿತು. ಕಣ್ಣಿನ ಮೇಲಿನದನ್ನು ಮುಟ್ಟಲಿಲ್ಲ. ಅದು ಮುಂದಿನ ಪೊರೆಯೊಂದಿಗೆ ಸಹಜವಾಗಿ ಹೋಯಿತು. ಉಳಿದದ್ದು ಬಾಲದ ಉಂಗುರ. ಮರಿ ನನ್ನ ಮಣಿಕಟ್ಟಿಗೆ ಬಿಗಿಯಾಗಿ ಸುತ್ತಿಕೊಂಡಿತು. ನಾನು ಬಟ್ಟೆಯ ಅಂಚಿನಿಂದ ತುದಿಯ ಕಡೆಗೆ ಒತ್ತುತ್ತ ಬಂದೆ. ಉಂಗುರ ಜಾರಿತು. ಬಾಲದ ತುದಿ ಕೆಂಪಗೆ, ಜೀವಂತವಾಗಿತ್ತು.

ಆ ಕ್ಷಣವನ್ನು ನಾನು ಸ್ಪಷ್ಟವಾಗಿ ಬಲ್ಲೆ ಎಂದೇ ಇಷ್ಟು ಕಾಲ ನಂಬಿದ್ದೆ. ಉಂಗುರ ಇನ್ನೂ ಜಾರದೆ ಮರಿ ಒದ್ದಾಡಿದಾಗ ಮಗು ಹೆದರಿ, ನನ್ನ ಪಕ್ಕದಲ್ಲೇ ನಿಂತಿದ್ದರೂ ನನ್ನನ್ನು ಬಿಟ್ಟು, "ಆಯಿ" ಎಂದು ಕೂಗಿ ಅತ್ತ ಓಡಿದಳು. ಕೆಲಸ ಮಾಡಿದ ಕೈ ನನ್ನದು, ಕೂಗು ಸಂದದ್ದು ಅವರಿಗೆ. ಮರಿಯನ್ನು ಕಷ್ಟಕ್ಕೆ ನೂಕಿದವರು ಯಾರೋ ಅವರಿಗೇ. ಆ ವಾರ ಕಳೆದ ಮೇಲೆ ಅವಳು ರಜೆಯ ಉಳಿದ ದಿನಗಳಿಗೆ ಅವರೊಡನೆ ಸ್ಯಾಂಟಾ ಕ್ಲಾರಿಟಾಕ್ಕೆ ಹೋದಳು. ನಾನು ಮರಿಯ ಜೊತೆ ಉಳಿದೆ. ಪಾಚಿಗೆ ನೀರು ಚಿಮುಕಿಸುತ್ತಿದ್ದೆ, ತೇವಮಾಪಕ ನೋಡುತ್ತಿದ್ದೆ, ಫೋನು ಬಂದರೆ ಹಾವಿನ ಸಮಾಚಾರ ಹೇಳುತ್ತಿದ್ದೆ. ಮುಂದೆ ಬೀಗಿತ್ತಿ ಎದುರಾದಾಗಲೆಲ್ಲ ಅವರ ಕೀಟಲೆಗೆ ನನ್ನ ಉತ್ತರದಲ್ಲಿ ಸ್ವಲ್ಪ ಹೆಚ್ಚಿನ ಹರಿತವಿರುತ್ತಿತ್ತು. ಅವರು ಅದನ್ನು ಹಾಸ್ಯವೆಂದೇ ತೆಗೆದುಕೊಂಡರು.

೨೦೦೮ರಲ್ಲಿ ಅಳಿಯ ಹಳೆಯ ಕಂಪ್ಯೂಟರಿನಿಂದ ಹೊಸದಕ್ಕೆ ಚಿತ್ರಗಳನ್ನು ವರ್ಗಾಯಿಸುವಾಗ ಅಂದಿನ ವಿಡಿಯೊ ತುಣುಕೊಂದು ಸಿಕ್ಕಿತು. ಅದರ ಮೇಲೆ ನಮೂದಾದದ್ದು ಆಗಸ್ಟ್ ೮, ಬೆಳಗಿನ ಜಾವ ಮೂರು ಗಂಟೆ ನಲವತ್ತು ನಿಮಿಷ. ದಿನವೇ ತಪ್ಪು ಎಂದು ಮೊದಲು ತಳ್ಳಿಹಾಕಲು ಹೊರಟೆ. ಆದರೆ ಆ ಕ್ಯಾಮೆರಾ ಬೆಂಗಳೂರಿನಲ್ಲಿ ಕೊಂಡದ್ದು. ಅದರ ಗಡಿಯಾರವನ್ನು ಯಾರೂ ಅಮೆರಿಕದ ಸಮಯಕ್ಕೆ ಬದಲಿಸಿರಲಿಲ್ಲ. ಹನ್ನೆರಡೂವರೆ ಗಂಟೆ ಕಳೆದರೆ ಭಾನುವಾರ ಮಧ್ಯಾಹ್ನ ಮೂರು ಹತ್ತು. ರಸೀದಿಗೂ ಅದಕ್ಕೂ ವಿರೋಧವಿಲ್ಲ, ದಾಖಲೆ ಪ್ರಾಮಾಣಿಕ.

ತುಣುಕಿನಲ್ಲಿ ನಾನು ಟವೆಲಿನ ಮೇಲೆ ಬಗ್ಗಿದ್ದೇನೆ. ಮರಿ ಒದ್ದಾಡುತ್ತದೆ. ಮೊಮ್ಮಗಳು ನನ್ನ ಅಂಗಿಯ ತೋಳನ್ನು ಎರಡೂ ಕೈಗಳಿಂದ ಹಿಡಿದು, "ತಾತ, ತಾತ, ಅದಕ ನೋವಾಗ್ತದ, ನೀವ ನೋಡ್ರಿ" ಎನ್ನುತ್ತಾಳೆ. ನಾನು ತಲೆಯೆತ್ತುವುದಿಲ್ಲ. ಚೌಕಟ್ಟಿನ ಹೊರಗಿನಿಂದ ಬೀಗಿತ್ತಿಯ ದನಿ: "ಬೀಗರ, ಕೂಸು ಕರಿಯಾಕತ್ತದ." ಮತ್ತೆರಡು ಸಲ ಅವಳು ನನ್ನನ್ನೇ ಕರೆಯುತ್ತಾಳೆ. ಅಷ್ಟಾದ ಮೇಲೆ ತೋಳನ್ನು ಬಿಟ್ಟು ಅತ್ತ ಹೋಗುತ್ತಾಳೆ. ತುಣುಕು ಮುಗಿಯುವವರೆಗೂ "ಆಯಿ" ಎಂಬ ಕೂಗು ಅದರಲ್ಲಿ ಎಲ್ಲಿಯೂ ಇಲ್ಲ.