ರಾಶಿಮುದ್ರೆ ಮತ್ತು ಉಪ್ಪಿನ ಹೊಂಡ

ಇಲ್ಲಿ ನೀರು ಇದ್ದಲ್ಲಿ ಇರುವುದಿಲ್ಲ. ಬೆಳಿಗ್ಗೆ ನಾನು ಚಪ್ಪಲಿ ಹಾಕಿಕೊಂಡು ನಡೆದ ಮಣ್ಣಿನ ಮೇಲೆ ಮಧ್ಯಾಹ್ನ ಮೀನು ಈಜುತ್ತಿತ್ತು. ನಮ್ಮ ವಿಜಯಪುರದ ಕಡೆ ಕೆರೆ ತುಂಬಿದರೆ ಊರಿಗೆ ಊರೇ ನೋಡಲು ಹೋಗುತ್ತದೆ. ಮಂಗಳೂರಿನಲ್ಲಿ ದಿನವೂ ತುಂಬಿ ದಿನವೂ ಬತ್ತುವ ನೀರನ್ನು ಯಾರೂ ತಿರುಗಿ ನೋಡುವುದಿಲ್ಲ. ಏರಿದರೆ ಭರತ, ಇಳಿದರೆ ಇಳಿತ, ಅಷ್ಟೇ. ಇದನ್ನು ನನಗೆ ಯಾರೂ ಹೇಳಲಿಲ್ಲ. ಬೇಕೆಂದೇ ಹೇಳಲಿಲ್ಲ.

ಫಳ್ನೀರಿನ ಒಂದು ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿಸ್ಟ್ ಆಗಿ ಬಂದವಳು ನಾನು. ಬಾಡಿಗೆ ಮನೆ ತೋರಿಸಿದ ಒಡತಿ ಮೊದಲು ಕೇಳಿದ್ದು, "ನಿಮ್ಮದು ಎಂತ ಭಾಷೆ?" ಕನ್ನಡ ಎಂದೆ. "ಅದು ಗೊತ್ತಾಯ್ತು. ಮನೆಯಲ್ಲಿ ಎಂತ ಮಾತಾಡ್ತೀರಿ?" ಮನೆಯಲ್ಲೂ ಕನ್ನಡ ಆಡುವವರಿದ್ದಾರೆ ಎಂಬುದು ಅವರಿಗೆ ಹೊಸ ಸುದ್ದಿ. ಇಲ್ಲಿ ಕನ್ನಡ ಶಾಲೆಗೆ, ಬ್ಯಾಂಕಿಗೆ, ನನ್ನಂಥವರಿಗೆ. ನಗುವುದು ತುಳುವಿನಲ್ಲಿ. ಅವರು ನಕ್ಕು ಮುಗಿಸುವವರೆಗೆ ನಾನು ಬಾಗಿಲ ಹೊರಗೆ ನಿಂತವಳ ಹಾಗೆ ಕಾಯುತ್ತಿದ್ದೆ. ಅವರ ಕುಚ್ಚಲಕ್ಕಿ ಗಂಜಿ ತಿಂಗಳೊಳಗೆ ಗಂಟಲಲ್ಲಿ ಇಳಿಯಿತು. ಆ ನಗು ಇಳಿಯಲಿಲ್ಲ.

ಭಾನುವಾರಗಳು ಕೊಲ್ಲುತ್ತಿದ್ದವು. ಆಗ ಕ್ಲಿನಿಕ್ಕಿನ ವಿನೀತಾ ತನ್ನ ಗುಂಪಿಗೆ ಕರೆದೊಯ್ದಳು. ಅವರ ಹವ್ಯಾಸದ ಹೆಸರು ಲೆಟರ್‌ಬಾಕ್ಸಿಂಗ್. ಹೆಸರು ಕೇಳಿ ಅಂಚೆಯ ಕೆಲಸ ಅಂದುಕೊಳ್ಳಬೇಡಿ. ಒಂದು ಡಬ್ಬಿಯಲ್ಲಿ ಪುಟ್ಟ ಪುಸ್ತಕ ಮತ್ತು ನಿಮ್ಮದೇ ಮುದ್ರೆ ಇಟ್ಟು ಕಡಲ ಬದಿಯ ಕಾಲುದಾರಿಯಲ್ಲಿ ಎಲ್ಲಾದರೂ ಅಡಗಿಸುವುದು. ಉಳಿದವರು ಸುಳಿವು ಹಿಡಿದು ಹುಡುಕಿ, ಆ ಮುದ್ರೆಯನ್ನು ತಮ್ಮ ಪುಸ್ತಕದಲ್ಲಿ ಒತ್ತಿಕೊಂಡು, ಡಬ್ಬಿಯನ್ನು ಅಲ್ಲೇ ಬಿಟ್ಟು ಬರುವುದು. ಪಣಂಬೂರು ದಾಟಿದ ಮೇಲೆ, ಕಡಲ ನೀರು ಏರಿಬರುವ ನದಿಯ ಪಕ್ಕ, ಹಿಂದೆ ಉಪ್ಪು ತೆಗೆಯುತ್ತಿದ್ದ ಹೊಂಡಗಳು ಪಾಳುಬಿದ್ದಿವೆ. ಅದೇ ಅವರ ಮೈದಾನ.

ಎಲ್ಲರದೂ ಅಂಗಡಿಯ ರಬ್ಬರ್ ಮುದ್ರೆ. ನನ್ನದು ಮರದ್ದು, ಅಪ್ಪನದು. ನಿಮಗೆ ಗೊತ್ತೇ ಇದೆ, ಕಣದಲ್ಲಿ ಜೋಳದ ರಾಶಿ ಹಾಕಿದ ಮೇಲೆ ಸುತ್ತಲೂ ಈ ಮರದ ಅಚ್ಚಿನಿಂದ ಬೂದಿಯ ಮುದ್ರೆ ಒತ್ತುತ್ತೇವೆ. ಯಾರಾದರೂ ಕೈ ಹಾಕಿದರೆ ಮುದ್ರೆ ಒಡೆದು ಕಳ್ಳತನ ಕಾಣುತ್ತದೆ. ಅಪ್ಪ ತೀರಿದ ಮೇಲೆ ತಮ್ಮ ಹೊಲ ತೆಗೆದುಕೊಂಡ, ನಾನು ರಾಶಿಮುದ್ರೆ ತೆಗೆದುಕೊಂಡೆ. ಇದನ್ನೆಲ್ಲ ವಿನೀತಾಗೆ ಹೇಳಿದ್ದೆ. ಅವಳ ಕಣ್ಣಲ್ಲಿ ನೀರೂ ಬಂದಿತ್ತು.

ಹೊಂಡಕ್ಕೆ ನದಿಯ ನೀರು ಬಿಡುವ ತೂಬಿನ ಗೋಡೆಯಲ್ಲಿ ಒಂದು ಗೂಡು ಕಂಡಿತು. ಒಣಗಿ ಬೆಚ್ಚಗಿತ್ತು. ಇಡಲೇ ಎಂದೆ. "ಒಳ್ಳೆ ಜಾಗ ಉಂಟು, ಇಡಿ" ಎಂದರು ಎಲ್ಲರೂ.

ಮುಂದಿನ ಭಾನುವಾರ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಎಲ್ಲರನ್ನೂ ನನ್ನ ಡಬ್ಬಿ ಹುಡುಕಲು ಕರೆದೊಯ್ದೆ. ತೂಬೇ ಇರಲಿಲ್ಲ, ಬರೀ ನೀರು. ಎಲ್ಲರೂ ನಕ್ಕರು, ಒಬ್ಬ ನನ್ನ ಮುಖದ ವಿಡಿಯೋ ತೆಗೆದ. "ಹೆದರಬೇಡಿ, ಘಟ್ಟದಿಂದ ಇಳಿದು ಬಂದವರಿಗೆಲ್ಲ ಒಮ್ಮೆ ಹೀಗೆ ಮಾಡ್ತೇವೆ. ಡಬ್ಬಿ ಮೊದಲೇ ತೆಗೆದಿಡ್ತೇವೆ" ಎಂದು, ಆ ಕೆಲಸ ವಹಿಸಿಕೊಂಡಿದ್ದ ವಿನೀತಾಳ ಕಡೆ ತಿರುಗಿದರು. ಅವಳು ಬಾಯಿಗೆ ಕೈ ಇಟ್ಟುಕೊಂಡಳು.

"ಅಯ್ಯೋ, ಮರ್ತೇ ಹೋಯ್ತು ಮಾರಾಯ್ರೆ! ಮನೆಗೆ ನೆಂಟರು ಬಂದಿದ್ರು."

ನಾನು ಸೊಂಟದವರೆಗೆ ಇಳಿದು ತಡಕಿದೆ. ಗೂಡು ಸಿಕ್ಕಿತು, ಡಬ್ಬಿ ಸಿಗಲಿಲ್ಲ. ದಡದಿಂದ ಅವಳು ಕೂಗಿದಳು, "ಒಂದು ಮರದ ತುಂಡಲ್ವಾ? ಬಿಕರ್ನಕಟ್ಟೆಯಲ್ಲಿ ಒಬ್ಬರು ಆಚಾರಿ ಇದ್ದಾರೆ, ಹೊಸತು ಮಾಡಿಸುವ ಬನ್ನಿ." ಉಳಿದವರು ರೊಟ್ಟಿ ತಿನ್ನುತ್ತಿದ್ದರು.

ಆಮೇಲೆ ಇಳಿತವಾದಾಗಲೆಲ್ಲ ಹೋಗಿ ಕೆಸರು ಕೆದಕಿದೆ. ಮುದ್ರೆ ಸಿಗಲಿಲ್ಲ. ಭರತ ಇಳಿತ ಬಾಯಿಪಾಠವಾಯಿತು, ತುಳು ಅರ್ಥವಾಗತೊಡಗಿತು. ಗುಂಪಿನವರು ನೀರಿನ ಸಮಯ ನನ್ನನ್ನೇ ಕೇಳಲು ಶುರುಮಾಡಿದರು. "ನೀವೀಗ ನಮ್ಮವರೇ" ಎಂದಳು ವಿನೀತಾ. ಖುಷಿಯಾಯಿತು. ಆ ಖುಷಿಗೆ ನನಗೇ ಅಸಹ್ಯವೂ ಆಯಿತು.

ಸುಗ್ಗಿಯ ಹೊತ್ತಿಗೆ ತಮ್ಮ ಫೋನ್ ಮಾಡಿದ. "ಅಕ್ಕಾ, ಈ ಸಲ ಜ್ವಾಳ ಛಲೋ ಬಂದೈತಿ. ಮುದ್ರಿ ತಗೊಂಡ್ ಬಾ, ಅಪ್ಪನಂಗ ಒತ್ತೂಣು."

"ತರ್ತೇನೆ" ಎಂದೆ.

"ತರ್ತೇನೆ ಅಂತ! ನೀ ಅಲ್ಲಿಯಾಕಿನ ಆಗಿಬಿಟ್ಟಿ ಬಿಡು" ಎಂದು ನಕ್ಕ. ರಜೆ ಸಿಗಲಿಲ್ಲ ಎಂದು ಸುಳ್ಳು ಹೇಳಿ ನಾನು ಊರಿಗೆ ಹೋಗಲೇ ಇಲ್ಲ.

ಮೊನ್ನೆ ಗುಂಪಿಗೆ ಕೊಪ್ಪಳದ ಹುಡುಗಿಯೊಬ್ಬಳು ಬಂದಳು, ರೇಣುಕಾ, ಹೊಸ ನರ್ಸ್. ಅಪ್ಪ ಮರದ ಗೊಂಬೆ ಮಾಡುವವನಂತೆ. ಮಗಳಿಗೆಂದು ಗಿಳಿಯ ಮುದ್ರೆ ಕೆತ್ತಿ ಕೊಟ್ಟಿದ್ದ. ಅದೇ ತೂಬು, ಅದೇ ಗೂಡು. "ಇಲ್ಲಿ ಇಡ್ಲೇನ್ರಿ ಅಕ್ಕಾರ?" ಎಂದು ನನ್ನನ್ನೇ ಕೇಳಿದಳು. ಇಷ್ಟು ಜನರಲ್ಲಿ ನನ್ನ ಮಾತೊಂದೇ ಅವಳಿಗೆ ಮನೆಯ ಮಾತು. ಎಲ್ಲರೂ ನನ್ನ ಮುಖ ನೋಡಿದರು.

"ಇಡವ್ವಾ, ಛಲೋ ಜಾಗಾ ಐತಿ" ಎಂದೆ.

ಡಬ್ಬಿ ತೆಗೆದಿಡುವ ಕೆಲಸ ಈ ಸಲ ನನ್ನದು. ಇಳಿತದಲ್ಲಿ ಹೋದೆ, ತೆಗೆದೆ, ಮುಚ್ಚಳ ಬಿಚ್ಚಿ ಗಿಳಿಯ ಮೇಲೆ ಬೆರಳಾಡಿಸಿದೆ. ನನ್ನಪ್ಪನದು ಹೋಗಿದೆ, ಇವಳಪ್ಪನದು ಯಾಕೆ ಉಳಿಯಬೇಕು? ಮುಚ್ಚಳ ಹಾಕಿ ಡಬ್ಬಿಯನ್ನು ಗೂಡಿನಲ್ಲಿ ಮತ್ತೆ ಇಟ್ಟೆ. ನೀರು ಅದನ್ನು ಮುಟ್ಟುವವರೆಗೆ ದಂಡೆಯ ಮೇಲೆ ನಿಂತಿದ್ದೆ.

ಭಾನುವಾರ ಎಲ್ಲರೂ ನಕ್ಕರು. ಆಮೇಲೆ ನನ್ನ ಕಡೆ ತಿರುಗಿದರು. ಮರೆತುಹೋಯಿತು ಎಂದೆ. ರೇಣುಕಾ ಸೊಂಟದವರೆಗೆ ನೀರಿನಲ್ಲಿ ನಿಂತು ನನ್ನೊಬ್ಬಳನ್ನೇ ನೋಡಿದಳು.

"ಅಕ್ಕಾರ, ನಿಮಗ ಗೊತ್ತಿತ್ತೇನ್ರಿ?"

"ಎಂತ ಮಾಡುವುದು ಮಾರಾಯ್ತಿ," ಎಂದೆ, "ಭರತ ಅಲ್ವಾ."