ಬಾಗಿಲಿಲ್ಲದ ಕಡೆ ಇಟ್ಟ ಎಡೆ

ಗ್ರೀಸಿನ ಈ ಪುಟ್ಟ ಊರಿಗೆ ಬಂದ ದಿನ ನಾನು ಮೊದಲು ಕಂಡ ಗಂಡಸು ಮೀಸೆ ಬಿಟ್ಟು, ನೆರಿಗೆ ಲಂಗ ಉಟ್ಟು, ಕತ್ತಿ ಹಿಡಿದು ನಿಂತಿದ್ದ. ಅಮೃತಶಿಲೆಯವನು. ತುರ್ಕರ ಆಳ್ವಿಕೆಯ ವಿರುದ್ಧ ಹೋರಾಡಿ ಸತ್ತ ಈ ಊರಿನವರ ಹೆಸರುಗಳನ್ನು ಅವನ ಕಾಲಡಿ ಕೆತ್ತಿದ್ದಾರೆ. ನನಗೆ ನಗು ಬಂತು. ಕೊಡಗಿನಲ್ಲಿ ಮೊಣಕಾಲುದ್ದದ ಕುಪ್ಯದಂಗಿ ತೊಟ್ಟು ಸೊಂಟಕ್ಕೆ ಕತ್ತಿ ಸಿಕ್ಕಿಸಿದ ಮದುಮಗಂದಿರನ್ನು ನೋಡಿ ಬೆಳೆದವಳಿಗೆ ನಗುವ ಹಕ್ಕೇನೂ ಇರಲಿಲ್ಲ, ಬಿಡಿ.

ನಾನು ನೋಡಿಕೊಳ್ಳುವ ಮುದುಕಿಯನ್ನು ಯಾಯಾ ಎನ್ನುತ್ತೇನೆ, ಅಂದರೆ ಅಜ್ಜಿ. ದಿನಾ ಸಂಜೆ ಆಕೆಯ ಗಾಲಿಕುರ್ಚಿ ತಳ್ಳಿಕೊಂಡು ಆ ಸ್ಮಾರಕದ ತನಕ ಹೋಗಿಬರುವುದೇ ನನ್ನ ತಿರುಗಾಟ. ನಮ್ಮೂರು ಶಿರಂಗಾಲದಲ್ಲಿ ಅಂಗಡಿಗೆ ಹೋಗಿಬರುವಷ್ಟರಲ್ಲಿ ಹತ್ತು ಜನ ‘ಊಟ ಆಯ್ತಾ’ ಎನ್ನುತ್ತಿದ್ದರು. ಇಲ್ಲಿ ಎರಡು ವರ್ಷದಲ್ಲಿ ಒಬ್ಬರೂ ಕೇಳಿಲ್ಲ.

ಈ ಸಲ ಮಹಾಲಯ ಅಮಾವಾಸ್ಯೆ ಹತ್ತಿರ ಬಂದಂತೆ ಚಿಂತೆ ಹತ್ತಿತು. ಸೇನೆಯಲ್ಲಿದ್ದು ಗಡಿಯಲ್ಲಿ ತೀರಿಕೊಂಡ ಅಣ್ಣನಿಗೆ ಇಷ್ಟು ವರ್ಷ ಎಡೆ ಇಡುತ್ತಿದ್ದವರು ಅತ್ತಿಗೆ. ಅವರು ಮತ್ತೆ ಮದುವೆಯಾಗಿ ಹುದಿಕೇರಿಗೆ ಹೋದರು, ಒಳ್ಳೆಯದೇ ಆಯಿತು. ಆದರೆ ನಮ್ಮ ಮನೆಗೆ ಬೀಗ ಬಿತ್ತು. ನಾನೂ ಇಡದಿದ್ದರೆ ಅಣ್ಣ ಉಪವಾಸ.

ಸೈನಿಕರ ಬಳಿಗೆ ಬರಲು ಅವನು ಸಂಕೋಚಪಡಲಾರ ಎಂದುಕೊಂಡು ಅನ್ನ, ಕೋಳಿಸಾರು, ರಮ್ಮಿನ ಬದಲು ಇಲ್ಲಿನ ಊಜೊ, ಎಲ್ಲ ಒಯ್ದು ಸ್ಮಾರಕದ ಬುಡದಲ್ಲಿಟ್ಟೆ. ಕಸ ಗುಡಿಸುವವನು ಓಡಿ ಬಂದ.

“ಇಲ್ಲಿ ಹೂ ಮಾತ್ರ ಇಡಬೇಕು,” ಎಂದು ತಟ್ಟೆಗೆ ಕೈ ಹಾಕಿದ. ನಾನು ತಟ್ಟೆಯ ಇನ್ನೊಂದು ಅಂಚು ಹಿಡಿದುಕೊಂಡೆ. ಬೆಳಿಗ್ಗೆ ಅಡುಗೆಮನೆಯಲ್ಲಿ ಎಲ್ಲ ಕೇಳಿ ತಿಳಿದಿದ್ದ ಯಾಯಾ ಊರುಗೋಲು ಅಡ್ಡ ಹಿಡಿದಳು.

“ಬಿಡು. ಅದು ಅವಳ ಕೊಲಿವಾ.”

ಸತ್ತವರ ಹೆಸರಿನಲ್ಲಿ ಇಲ್ಲಿ ಹಂಚುವ, ಸಕ್ಕರೆ ಬೆರೆಸಿದ ಬೇಯಿಸಿದ ಗೋಧಿ ಕೊಲಿವಾ. ಅವನು ಕೈ ಹಿಂದೆ ತೆಗೆದ.

“ಇನ್ನೇನು ಮಾಡಬೇಕು?” ಯಾಯಾ ನನ್ನನ್ನು ಕೇಳಿದಳು.

“ಮನೆಯಲ್ಲಾದರೆ ಬಾಗಿಲು ಮುಚ್ಚಿ ಹೊರಗೆ ಕೂರುತ್ತೇವೆ. ಅವರು ಬಂದು ಉಣ್ಣುವಾಗ ಯಾರೂ ನೋಡಬಾರದು.”

“ಇಲ್ಲಿ ಬಾಗಿಲೆಲ್ಲಿ?” ಎಂದು ಗೊಣಗಿ ಆಕೆ ಕುರ್ಚಿ ತಿರುಗಿಸಿಕೊಂಡಳು. ಮೂವರೂ ಸ್ಮಾರಕಕ್ಕೆ ಬೆನ್ನು ಹಾಕಿ ಕಾದೆವು. ಅಳು ಬಂತು, ತಡೆಯಲಿಲ್ಲ. ತಿರುಗಿದಾಗ ತಟ್ಟೆಯ ಪಕ್ಕ ಬೀದಿಬೆಕ್ಕೊಂದು ಬಾಯಿ ನೆಕ್ಕುತ್ತಿತ್ತು.

ಮಾರನೆಯ ದಿನ ಅತ್ತಿಗೆ ಫೋನಿನಲ್ಲಿ ಮೆಲ್ಲಗೆ ಕೇಳಿದರು, “ಅವ್ರದ್ದು ಊಟ ಆಯ್ತಾ?”

“ಆಯ್ತು ಅತ್ಗೆ. ಚೆನ್ನಾಗಿ ಉಂಡ.”

“ಅಲ್ಲೀಗಂಟ ದಾರಿ ಹೆಂಗ್ ಗೊತ್ತಾಯ್ತವ್ವ ಅವ್ರಿಗೆ?”

ಅವನಿಗೆ ಗೊತ್ತಿರುವ ದಾರಿ ಶಿರಂಗಾಲದ್ದೊಂದೇ. ಅಲ್ಲಿ ಬಾಗಿಲು ಮುಚ್ಚಿರುವುದನ್ನು ಕಂಡು, ಒಳಗೆ ಎಡೆ ಇಟ್ಟಿದ್ದಾರೆ ಎಂದೇ ನಂಬಿ ಅವನು ಒಳಗೆ ಹೋಗಿರುತ್ತಾನೆ.